ನೆಟ್ಟ ಸಸಿಯೂ ನೆಲದೊಳಗಿನ ಸಂಗಾತಿಯೂ

ಗಿಡ ನೆಡುವುದು ಸತ್ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಮಳೆಗಾಲ ಬಂತೆಂದರೆ ಶಾಲೆಗಳೂ ಸಂಘಗಳೂ ಸರಕಾರವೂ ಸಸಿ ನೆಡುತ್ತವೆ. ನೆಟ್ಟ ಸಸಿಗಳ ಲೆಕ್ಕವು ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಆದರೆ ಮೂರನೆಯ ವರ್ಷದಲ್ಲಿ ಅವುಗಳ ಪೈಕಿ ಎಷ್ಟು ಉಳಿದುವೆಂದು ಕೇಳುವವರು ವಿರಳ. ಸಸಿ ಸತ್ತರೆ ನೀರು ಸಾಲದೆ ಹೋಯಿತೆಂದೋ ದನ ಮೇಯ್ದುವೆಂದೋ ಹೇಳಿ ಸುಮ್ಮನಾಗುತ್ತೇವೆ. ಈ ಕಾರಣಗಳು ನಿಜವೇ. ಆದಾಗ್ಯೂ ಕಣ್ಣಿಗೆ ಕಾಣದ ಮತ್ತೊಂದು ಕಾರಣವುಂಟು. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪೋಷಕರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶವಾಗಿದೆ.

ಕಾಡಿನ ಮರಗಳಲ್ಲಿ ಬಹುಪಾಲು ಒಂಟಿಯಾಗಿ ಬಾಳುವುವಲ್ಲ. ಅವುಗಳ ಬೇರುಗಳಲ್ಲಿ ಅಣಬೆಯ ವರ್ಗದ ಶಿಲೀಂಧ್ರಗಳು ವಾಸಿಸುತ್ತವೆ. ಕೂದಲಿಗಿಂತಲೂ ಸೂಕ್ಷ್ಮವಾದ ಅವುಗಳ ಎಳೆಗಳು, ಬೇರು ನುಗ್ಗಲಾರದ ಮಣ್ಣಿನ ಸಂದುಗಳನ್ನು ಹೊಕ್ಕು, ರಂಜಕ, ಸಾರಜನಕ ಮೊದಲಾದ ಸತ್ವಗಳನ್ನೂ ನೀರನ್ನೂ ತಂದು ಗಿಡಕ್ಕೆ ಒಪ್ಪಿಸುತ್ತವೆ. ಗಿಡವಾದರೋ ತನ್ನ ಎಲೆಗಳಲ್ಲಿ ಸಿದ್ಧವಾದ ಸಕ್ಕರೆಯಲ್ಲಿ ಒಂದು ಪಾಲನ್ನು ಪ್ರತಿಯಾಗಿ ಕೊಡುತ್ತದೆ. ಜರ್ಮನಿಯ ಸಸ್ಯಶಾಸ್ತ್ರಜ್ಞರಾದ ಫ್ರಾಂಕ್ ಎಂಬವರು 1885ರಲ್ಲಿ ಈ ಕೂಟಕ್ಕೆ ‘ಮೈಕೊರೈಜ’, ಅಂದರೆ ಅಣಬೆಬೇರು, ಎಂದು ಹೆಸರಿಟ್ಟರು. ಇಂಥ ಸಖ್ಯವು ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯದೆಂಬುದಕ್ಕೆ ಕಲ್ಲಿನಲ್ಲಿ ಉಳಿದ ಗುರುತುಗಳೇ ಸಾಕ್ಷಿ.

ಈ ಸಂಗಾತಿ ಇಲ್ಲದಿದ್ದರೆ ಏನಾಗುತ್ತದೆ? ಪಶ್ಚಿಮ ಆಸ್ಟ್ರೇಲಿಯದಲ್ಲಿ ಪೈನ್ ಮರಗಳನ್ನು ಬೆಳೆಸಹೊರಟಾಗ ಕೆಲವು ಸಸಿಮಡಿಗಳಲ್ಲಿ ಸಸಿಗಳು ಏಳಿಗೆಯಾಗದೆ ಕುಗ್ಗಿದುವು. ಪೈನ್ ಚೆನ್ನಾಗಿ ಬೆಳೆದಿದ್ದ ಸ್ಥಳದ ಮಣ್ಣನ್ನು ತಂದು ಬೆರೆಸಿದಾಗ ಚೇತರಿಸಿಕೊಂಡುವು. ಅರಣ್ಯಾಧಿಕಾರಿಗಳಾದ ಕೆಸೆಲ್ ಅವರು 1927ರಲ್ಲಿ ಈ ಸಂಗತಿಯನ್ನು ಪ್ರಕಟಪಡಿಸಿದರು. ಪೈನ್ ಆ ದೇಶದ ಮರವಲ್ಲ; ಬೀಜವು ಸಮುದ್ರವನ್ನು ದಾಟಿ ಬಂದಿತ್ತು, ಅದರ ಸಂಗಾತಿ ಬಂದಿರಲಿಲ್ಲ.

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತದ ವೇರ್‌ಹ್ಯಾಮ್ ಎಂಬ ಬಂಜರು ಬಯಲಿನಲ್ಲಿಯೂ ಪೈನ್ ಸಸಿಗಳು ಏಳಲೊಲ್ಲದೆ ಇದ್ದಾಗ, ಮೇಬಲ್ ರೇನರ್ ಎಂಬ ಮಹಿಳೆಯು ಅಲ್ಲಿ ಅನೇಕ ವರ್ಷ ಪ್ರಯೋಗ ನಡೆಸಿದರು. ಕೊಳೆತ ಎಲೆಗೊಬ್ಬರವನ್ನು ಸೇರಿಸಿದಲ್ಲಿ ಬೇರುಗಳಲ್ಲಿ ಶಿಲೀಂಧ್ರವೂ ನೆಲದ ಮೇಲೆ ಸಸಿಯೂ ವೃದ್ಧಿಯಾದುದನ್ನು ಆಕೆ ತೋರಿಸಿದರು. ಗೊಬ್ಬರದ ಸತ್ವವೇ ಮುಖ್ಯ ಕಾರಣವೆಂದು ಬೇರೆ ಶಾಸ್ತ್ರಜ್ಞರು ವಾದಿಸಿದ್ದುಂಟು. ಆದರೂ ಸಸಿಯ ಜೊತೆಗೆ ಮಣ್ಣಿನ ಜೀವವನ್ನೂ ವಿಚಾರಿಸಬೇಕೆಂಬ ಆಕೆಯ ಮಾತು ಇಂದಿಗೂ ನಿಂತಿದೆ. ಹೆಣ್ಣುಮಕ್ಕಳಿಗೆ ವಿಜ್ಞಾನವೇಕೆಂದು ಈಗಲೂ ಕೇಳುವವರಿಗೆ ಈ ಹೆಸರನ್ನು ಹೇಳಬಹುದು.

ಕಾಡನ್ನು ಕಡಿದು, ಮೇಲ್ಮಣ್ಣು ಕೊಚ್ಚಿಹೋಗಿ, ಅಥವಾ ಗಣಿ ತೋಡಿ ಬರಿದಾದ ನೆಲದಲ್ಲಿ ಈ ಶಿಲೀಂಧ್ರಗಳು ಬಹಳವಾಗಿ ಕ್ಷೀಣಿಸುತ್ತವೆ. ಅಂಥಲ್ಲಿ ಸಸಿಗಳನ್ನು ಸಾಲಾಗಿ ನಿಲ್ಲಿಸಿದ ಮಾತ್ರಕ್ಕೆ ಕಾಡಾಗದು. 2016ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್ ದೇಶದ ಪ್ರಯೋಗವೊಂದರಲ್ಲಿ, ಹಾಳುಬಿದ್ದ ಹೊಲಗಳಿಗೆ ಹುಲ್ಲುಗಾವಲಿನ ಮಣ್ಣನ್ನು ಹರಡಿದಲ್ಲಿ ಹುಲ್ಲುಗಾವಲಿನ ಸಸ್ಯಗಳೂ, ಕುರುಚಲುಭೂಮಿಯ ಮಣ್ಣನ್ನು ಹರಡಿದಲ್ಲಿ ಅಲ್ಲಿನ ಸಸ್ಯಗಳೂ ಮುಂದುವರಿದುವು. ಯಾವ ಮಣ್ಣೋ ಆ ಸಸ್ಯಸಮೂಹ.

ಹಾಗೆಂದು ಅತಿಶಯೋಕ್ತಿಗೆ ಮರುಳಾಗಕೂಡದು. ಮರಗಳು ಈ ಎಳೆಗಳ ಮೂಲಕ ಮಾತಾಡಿಕೊಳ್ಳುತ್ತವೆ, ತಾಯಿಮರವು ಮಕ್ಕಳಿಗೆ ಉಣಿಸುತ್ತದೆ ಎಂಬ ಮಾತುಗಳು ಈಚೆಗೆ ಜನಪ್ರಿಯವಾಗಿವೆ. ಕಾಡಿನಲ್ಲಿ ಇವುಗಳಿಗೆ ಸಾಕಷ್ಟು ಆಧಾರವಿಲ್ಲವೆಂದು 2023ರಲ್ಲಿ ಕೆಲವು ಶಾಸ್ತ್ರಜ್ಞರೇ ಎಚ್ಚರಿಸಿದ್ದಾರೆ. ಪೊಟ್ಟಣದಲ್ಲಿ ಮಾರುವ ಶಿಲೀಂಧ್ರದ ಪುಡಿಯೆಲ್ಲವೂ ಫಲಕಾರಿಯೆಂದು ನಂಬಲಾಗದು. ಪರದೇಶದಿಂದ ತಂದ ಶಿಲೀಂಧ್ರವು, ತನ್ನೊಡನೆ ಬಂದ ಪೈನ್ ಮರವು ಹದ್ದುಮೀರಿ ಹಬ್ಬುವುದಕ್ಕೆ ನೆರವಾದ ಉದಾಹರಣೆಗಳೂ ಇವೆ. ಆದುದರಿಂದ ಸ್ಥಳದ ಮಣ್ಣೇ ಮೇಲು.

ನಮ್ಮ ಮಲೆನಾಡಿನ ಸಾಲುಧೂಪದ ಮರಕ್ಕೆ ಬೇರಿನ ತುದಿಗೆ ಒರೆಯಂತೆ ಹೊದಿಯುವ ಶಿಲೀಂಧ್ರ ಬೇಕು. ಮಾವು, ನೇರಳೆ, ತೇಗಗಳಿಗೆ ಬೇರಿನ ಒಳಗೇ ಸೇರುವ ಇನ್ನೊಂದು ಬಗೆ ಬೇಕು. ಆಯಾ ಜಾತಿಯ ಆರೋಗ್ಯವಾದ ಮರದ ಬುಡದಿಂದ ಒಂದು ಹಿಡಿ ಮಣ್ಣನ್ನು ಸಸಿಮಡಿಯಲ್ಲಿಯೇ ಬೆರೆಸುವುದು ಸುಲಭೋಪಾಯ. ರೋಗ ಹಿಡಿದ ಮರದ ಮಣ್ಣನ್ನು ಮುಟ್ಟಕೂಡದು. ಕಾಡಿನ ಮಣ್ಣನ್ನು ಗಾಡಿಗಟ್ಟಲೆ ದೋಚಲೂಕೂಡದು. ಉದುರಿದ ಎಲೆಗಳನ್ನು ಸುಡದೆ ಬಿಡಬೇಕು. ರಂಜಕದ ಗೊಬ್ಬರವನ್ನು ಅತಿಯಾಗಿ ಸುರಿಯಬಾರದು. ಬೇಡದೆ ದೊರೆತರೆ ಗಿಡವು ಸಂಗಾತಿಯನ್ನು ದೂರಮಾಡುತ್ತದೆ. ಬಯಲಿನಲ್ಲಿ ಉಳಿದಿರುವ ಹಳೆಯ ಮರಗಳನ್ನೂ ಪೊದೆಗಳನ್ನೂ ನೆಡುವ ನೆವದಲ್ಲಿ ಕಿತ್ತುಹಾಕದೆ ಕಾಪಾಡಬೇಕು. ಶಿಲೀಂಧ್ರದ ಭಂಡಾರ ಅಲ್ಲಿಯೇ ಇದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಉಪಾಧ್ಯಾಯಿನಿಯರು, ಗೃಹಿಣಿಯರು, ಪಂಚಾಯಿತಿಯ ಸದಸ್ಯೆಯರು. ಮುಂದಿನ ಮಳೆಗಾಲದಲ್ಲಿ ಸಸಿ ನೆಡುವ ಸಮಾರಂಭಕ್ಕೆ ಕರೆ ಬಂದರೆ ಸಂತೋಷದಿಂದ ಹೋಗಲಿ. ಆದರೆ ಎಷ್ಟು ನೆಡುತ್ತೀರಿ ಎಂದು ಕೇಳುವ ಮೊದಲು ಈ ಸಸಿ ಯಾವ ಮಣ್ಣಿನಲ್ಲಿ ಬೆಳೆದುದೆಂದು ಕೇಳಲಿ. ಮೂರು ವರ್ಷಗಳಾದ ಮೇಲೆ ಅದೇ ಸ್ಥಳಕ್ಕೆ ಹೋಗಿ ಉಳಿದುವನ್ನು ಎಣಿಸಲಿ. ಈ ಎರಡು ಪ್ರಶ್ನೆಗಳನ್ನು ಕೇಳುವವರು ಊರಿಗೊಬ್ಬರಿದ್ದರೂ ಬಹಳಷ್ಟು ಸಸಿಗಳು ಮರಗಳಾದಾವೆಂದು ನಾವು ನಂಬುತ್ತೇವೆ.