ವರದಿಯಲ್ಲಿನ ಅಂಕೆ ತೀರ್ಪಲ್ಲ

ತೊಡೆಯಲ್ಲೋ ತೋಳಿನಲ್ಲೋ ಗಡ್ಡೆ ಕಾಣಿಸಿಕೊಂಡರೆ ನೋವಿಲ್ಲವಲ್ಲ ಎಂದು ನಾವು ಸುಮ್ಮನಿದ್ದುಬಿಡುತ್ತೇವೆ. ಹೆಚ್ಚಿನವು ಅಪಾಯವಿಲ್ಲದ ಕೊಬ್ಬಿನ ಗಡ್ಡೆಗಳೇ. ಆದರೆ ಸ್ನಾಯು, ಕೊಬ್ಬು, ನರ, ರಕ್ತನಾಳಗಳಲ್ಲಿ ಹುಟ್ಟುವ ‘ಸಾರ್ಕೋಮಾ’ ಎಂಬ ಕ್ಯಾನ್ಸರ್ ಕೂಡ ಎಷ್ಟೋ ಸಲ ನೋವಿಲ್ಲದೆಯೇ ಬೆಳೆಯುತ್ತದೆ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ. 1. ಅಪರೂಪದ್ದಾದ ಕಾರಣ ಇದರ ವರದಿ ಕೈಗೆ ಬಂದಾಗ ಗಾಬರಿಯೂ ಹೆಚ್ಚು.

ಆ ವರದಿಯಲ್ಲಿ ಕೆಲವೊಮ್ಮೆ ‘ಕಿ-67: ಶೇ. 40’ ಎಂಬಂಥ ಸಾಲಿರುತ್ತದೆ. ಮನೆಯವರು ಮೊಬೈಲ್‌ನಲ್ಲಿ ಹುಡುಕುತ್ತಾರೆ, ಕಂಗಾಲಾಗುತ್ತಾರೆ. ‘ಇನ್ನು ಚಿಕಿತ್ಸೆ ಯಾಕೆ?’ ಎಂದು ಕೈಚೆಲ್ಲುವವರೂ ಇದ್ದಾರೆ. ಒಂದು ಅಂಕೆಯನ್ನು ಹೀಗೆ ಮರಣಶಾಸನದಂತೆ ಓದುವುದು ರೋಗಿಗೆ ಮಾಡುವ ಅನ್ಯಾಯ.

ಕಿ-67 ಒಂದು ಪ್ರೋಟೀನ್. ಜೀವಕೋಶ ಒಡೆದು ಎರಡಾಗುವ ಚಕ್ರದಲ್ಲಿರುವಾಗ ಇದು ಕಾಣುತ್ತದೆ, ವಿಶ್ರಾಂತಿಯಲ್ಲಿರುವಾಗ ಕಾಣುವುದಿಲ್ಲ. ಜರ್ಮನಿಯ ಕೀಲ್ ನಗರದ ವಿಜ್ಞಾನಿಗಳು 1983ರಲ್ಲಿ ಇದನ್ನು ವರದಿ ಮಾಡಿದರು. ಹೆಸರಿನ ‘ಕಿ’ ಆ ಊರಿನದೇ. ಗಡ್ಡೆಯ ತೆಳು ಪದರಕ್ಕೆ ವಿಶೇಷ ಬಣ್ಣ ಹಾಕಿದಾಗ ಇಂಥ ಕೋಶಗಳ ಕೇಂದ್ರ ಕಂದಾಗುತ್ತದೆ. ನೂರರಲ್ಲಿ ಎಷ್ಟು ಕಂದಾಗಿವೆ ಎಂಬುದೇ ಆ ಶೇಕಡಾವಾರು.

ಅಂಕೆ ಹೆಚ್ಚಿದ್ದರೆ ಗಡ್ಡೆ ಚುರುಕಾಗಿದೆ, ಹರಡುವ ಸಾಧ್ಯತೆ ಜಾಸ್ತಿ ಎಂಬ ಸೂಚನೆ ನಿಜ. ಆದರೆ ಒಂದೇ ಗಡ್ಡೆಯ ಒಂದು ಭಾಗದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರಬಹುದು. ಎಣಿಸುವವರು ಬದಲಾದರೆ ಲೆಕ್ಕವೂ ಬದಲಾಗಬಹುದು. ಸಾರ್ಕೋಮಾದಲ್ಲಿ 50ಕ್ಕೂ ಹೆಚ್ಚು ಬಗೆಗಳಿವೆ; ಎಲ್ಲಕ್ಕೂ ಒಂದೇ ಗಡಿರೇಖೆ ಇಲ್ಲ. ವೈದ್ಯರು ಹೆಚ್ಚಾಗಿ ಬಳಸುವ ಗ್ರೇಡ್ ಪದ್ಧತಿ ನೋಡುವುದು ಬೇರೆ ಮೂರನ್ನು: ಕೋಶಗಳು ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತವೆ, ವಿಭಜನೆಯಾಗುತ್ತಿರುವುದು ಎಷ್ಟು ಕಣ್ಣಿಗೆ ಬೀಳುತ್ತವೆ, ಗಡ್ಡೆಯ ಎಷ್ಟು ಭಾಗ ಸತ್ತಿದೆ. ಇದರ ಜೊತೆಗೆ ಗಡ್ಡೆಯ ಗಾತ್ರ, ಆಳ, ಶ್ವಾಸಕೋಶಕ್ಕೆ ಹರಡಿದೆಯೇ, ಶಸ್ತ್ರಚಿಕಿತ್ಸೆಯಲ್ಲಿ ಅಂಚು ಶುದ್ಧವಾಗಿ ಸಿಕ್ಕಿದೆಯೇ ಎಂಬುದೂ ಮುಖ್ಯ.

ಆದ್ದರಿಂದ ವೈದ್ಯರನ್ನು ಕೇಳಿ: ಇದು ಯಾವ ಬಗೆ? ಗ್ರೇಡ್ ಎಷ್ಟು? ಅಂಚು ಹೇಗಿದೆ? ಈ ಅಂಕೆಯಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುತ್ತದೆಯೇ? ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನು ಜೋಪಾನವಾಗಿಡಿ. ಎರಡನೇ ಅಭಿಪ್ರಾಯಕ್ಕೆ ಅವು ಬೇಕಾಗುತ್ತವೆ.

ಎಲ್ಲಕ್ಕಿಂತ ಮೊದಲ ಎಚ್ಚರ: 5 ಸೆಂಟಿಮೀಟರ್‌ಗಿಂತ ದೊಡ್ಡದಾದ, ಆಳದಲ್ಲಿರುವ ಅಥವಾ ಬೆಳೆಯುತ್ತಿರುವ ಗಡ್ಡೆಯನ್ನು ಸ್ಕ್ಯಾನ್, ಬಯಾಪ್ಸಿ ಇಲ್ಲದೆ ಕೊಯ್ಯಿಸಬೇಡಿ. ಯಾವ ಗಡ್ಡೆ ತೆಗೆಸಿದರೂ ಅದು ಕಸದ ಬುಟ್ಟಿಗಲ್ಲ, ಪರೀಕ್ಷೆಗೆ ಹೋಗಲಿ. ಪರೀಕ್ಷೆಯೇ ಆಗದ ಗಡ್ಡೆಯ ಬಗ್ಗೆ ಯಾವ ಅಂಕೆಯೂ ಏನನ್ನೂ ಹೇಳಲಾರದು.