ಹಾಡು ಬಾಯಿಗೆ ಬಂತು, ಅಕ್ಷರ?

ಮೊನ್ನೆ ಭಾನುವಾರ ಸಂಜೆ ನೆರೆಮನೆಯ ಬಾಯಮ್ಮ ಹೇಳಿಕಳಿಸಿದರು. ಎಂಬತ್ತು ದಾಟಿದ ಜೀವ. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಅಕ್ಷರ ಕಾಣುವುದಿಲ್ಲ. ನಾನು ಹೋದಾಗ ಹಳೆಯದೊಂದು ಪ್ರಾರ್ಥನೆ ಪುಸ್ತಕ ಹಿಡಿದು ಕೂತಿದ್ದರು. "ಮಾಷ್ಟ್ರೇ, ಎರಡು ಪುಟ ಓದಿ ಹೇಳ್ತೀರಾ?" ಅಂದರು.

ಮೊಮ್ಮಗ ಅಲ್ಲೇ ಇದ್ದ. ಒಳ್ಳೆಯ ಹುಡುಗ. ಇಗರ್ಜಿಯ ಗಾಯನ ಮಂಡಳಿಯಲ್ಲಿ ಗಿಟಾರ್ ನುಡಿಸುತ್ತಾನೆ, ಹೊಸ ಆರಾಧನೆ ಹಾಡುಗಳೆಲ್ಲ ಅವನಿಗೆ ಬಾಯಿಪಾಠ. ಆದರೆ ಕಲಿತದ್ದು ಇಂಗ್ಲಿಷ್ ಮೀಡಿಯಂ. ಪುಸ್ತಕದ ಭಾಷೆ ಕೊಂಕಣಿ, ಲಿಪಿ ಕನ್ನಡ. ಅವನಿಗೆ ಭಾಷೆ ಬರುತ್ತದೆ, ಅಕ್ಷರ ಬಾರದು. ನನಗೆ ಅಕ್ಷರ ಬರುತ್ತದೆ, ಕೊಂಕಣಿ ಅಷ್ಟಕ್ಕಷ್ಟೆ!

ಓದಿದೆ. ನಾನು ತಪ್ಪಿದಲ್ಲೆಲ್ಲ ಬಾಯಮ್ಮ ಕಣ್ಣುಮುಚ್ಚಿಕೊಂಡೇ ತಿದ್ದಿದರು. "ನಿಮಗೆ ಎಲ್ಲ ಬರ್ತದಲ್ಲ, ಮತ್ತೆ ಓದುವುದು ಯಾಕೆ?" ಎಂದು ಕೇಳಿದೆ. "ನಾನೇ ಹೇಳಿದರೆ ಬರೇ ಬಾಯಿ ಹೇಳ್ತದೆ ಮಾಷ್ಟ್ರೇ. ಬೇರೆಯವರು ಓದಿದರೆ ನನಗೇ ಹೇಳಿದ ಹಾಗೆ ಆಗ್ತದೆ" ಅಂದರು.

ಆ ಮಾತು ಇನ್ನೂ ತಲೆಯಲ್ಲಿದೆ. ಹೊಟ್ಟೆಯ ಹಸಿವಿನಂತೆ ಆತ್ಮಕ್ಕೂ ಒಂದು ಹಸಿವು ಇದೆ ಎನ್ನುತ್ತಾರಲ್ಲ, ಅದು ಇದೇ ಇರಬೇಕು. ನಾನು ಕ್ರೈಸ್ತನಲ್ಲ. ಆದರೂ ಕಾಸರಗೋಡಿನ ಕನ್ನಡ ಶಾಲೆಯ ಮೇಷ್ಟ್ರಾಗಿ ಇದರ ಬಗ್ಗೆ ಎರಡು ಮಾತು ಹೇಳಬೇಕು ಅನ್ನಿಸಿತು.

ನಮ್ಮ ಕರಾವಳಿಯ ಕ್ರೈಸ್ತರ ಹಾಡು, ಪ್ರಾರ್ಥನೆಗಳಿಗೂ ಕನ್ನಡ ಅಕ್ಷರಕ್ಕೂ ಹಳೆಯ ನಂಟು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಅಚ್ಚುಕೂಟ ತೆರೆದದ್ದು 1841ರಲ್ಲಿ. ಹಾಡಿನ ಪುಸ್ತಕಗಳ ಜೊತೆಗೇ ಓದುವ ಪುಸ್ತಕಗಳನ್ನೂ ಅಚ್ಚು ಹಾಕಿದರು. ಇಂಗ್ಲೆಂಡಿನ ಜಾನ್ ಬನ್ಯನ್ ಬರೆದು 1678ರಲ್ಲಿ ಹೊರಬಂದ ಕಥೆ 1847ರಲ್ಲಿ 'ಯಾತ್ರಿಕನ ಸಂಚಾರ'ವಾಗಿ ಕನ್ನಡಕ್ಕೆ ಬಂತು. ಬೆನ್ನ ಮೇಲೆ ಹೊರೆ ಹೊತ್ತು ಮನೆಬಿಟ್ಟು ಹೊರಟ ಮನುಷ್ಯನ ಕಥೆ ಅದು. ಅವನ ತಳಮಳ ಅರ್ಥವಾಗಲು ಕ್ರೈಸ್ತರೇ ಆಗಬೇಕಿಲ್ಲ. ಅದೇ ವರ್ಷ ತುಳುವಿನಲ್ಲಿ ಹೊಸ ಒಡಂಬಡಿಕೆ ಬಂತು, ಅದೂ ಕನ್ನಡ ಲಿಪಿಯಲ್ಲೇ. ಕೊಂಕಣಿಯ 'ರಾಕ್ಣೊ' ಪತ್ರಿಕೆ 1938ರಲ್ಲಿ ಮಂಗಳೂರಿನಲ್ಲಿ ಶುರುವಾದದ್ದೂ ಕನ್ನಡ ಲಿಪಿಯಲ್ಲೇ.

ಅಂದರೆ ಕನ್ನಡ, ತುಳು, ಕೊಂಕಣಿ ಮೂರೂ ಭಾಷೆಗಳ ಪ್ರಾರ್ಥನೆಗೆ ಬೀಗದ ಕೈ ಒಂದೇ. ಆ ಕೈ ಸಿಗುವುದು ನಮ್ಮ ಒಂದನೇ ತರಗತಿಯಲ್ಲಿ! 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಬದಲಾದರೂ ಅಜ್ಜಿಯಂದಿರ ಪುಸ್ತಕದ ಲಿಪಿ ಬದಲಾಗಲಿಲ್ಲ. ಮೊಮ್ಮಕ್ಕಳ ಶಾಲೆ ಬದಲಾಯಿತು.

ಗಿಟಾರನ್ನು ಬೈಯಲು ನಾನು ಹೊರಟಿಲ್ಲ. ಹಿಂದೆ ಮಿಶನ್ನಿನವರು ತಂದ ಜರ್ಮನ್ ರಾಗಗಳೂ ನಮ್ಮವರ ಕಿವಿಗೆ ಹೊಸತೇ ಆಗಿದ್ದವು. ಕ್ಯಾಥೊಲಿಕ್ ಇಗರ್ಜಿಗಳಲ್ಲಿ 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ ಹಿಂದೆ ಸರಿದು ಜನರ ಭಾಷೆ ಪೂಜೆಗೆ ಬಂತು. ಹೊಸ ಹಾಡು ಬರಲಿ, ಬರಬೇಕು. ಎಲ್ಲರೂ ಒಟ್ಟಿಗೆ ಹಾಡುವಾಗ ಎದೆ ತುಂಬಿ ಬರುವುದು ಸುಳ್ಳಲ್ಲ.

ಆದರೆ ಹಾಡು ಮುಗಿದ ಮೇಲೆ? ಕಾಯಿಲೆ, ಸಾವು, ಸಾಲ ಬಂದ ರಾತ್ರಿ ಮಂಡಳಿ ಜೊತೆಗಿರುವುದಿಲ್ಲ. ಆಗ ಒಬ್ಬರೇ ಕೂತು ನಿಧಾನವಾಗಿ ಓದಲು, ತಿಳಿಯದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಓದಲು ಒಂದು ಪುಸ್ತಕ ಬೇಕು. ಹಾಡು ಹಸಿವು ಹುಟ್ಟಿಸುತ್ತದೆ, ಸ್ವಲ್ಪ ತಣಿಸುತ್ತದೆ ಕೂಡ. ದಿನದಿನದ ಗಂಜಿ ಮಾತ್ರ ಪುಸ್ತಕದಲ್ಲೇ ಇದೆ. ಇದು ಕ್ರೈಸ್ತರ ಮನೆಯ ಕಥೆ ಮಾತ್ರ ಅಲ್ಲ. ನಮ್ಮ ಮನೆಯ ಮಕ್ಕಳೂ ಭಜನೆ ಚೆನ್ನಾಗಿ ಹಾಡುತ್ತಾರೆ, ಅಟ್ಟದ ಮೇಲಿನ ಜೈಮಿನಿ ಭಾರತಕ್ಕೆ ಧೂಳು ಹಿಡಿದಿದೆ.

ಹಾಗಾಗಿ ಹೆತ್ತವರಲ್ಲಿ ನನ್ನದೊಂದು ವಿನಂತಿ. ಮಕ್ಕಳು ಯಾವ ಮೀಡಿಯಂನಲ್ಲೇ ಓದಲಿ, ಮನೆಯ ಪ್ರಾರ್ಥನೆ ಪುಸ್ತಕ ಓದುವಷ್ಟಾದರೂ ಕನ್ನಡ ಅಕ್ಷರ ಕಲಿಸಿ. ಹಾಡುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಗೀಚಿಕೊಳ್ಳುವ ಬದಲು ಕನ್ನಡದಲ್ಲಿ ಬರೆಯಿಸಿ. ವಾರಕ್ಕೆ ಅರ್ಧ ಗಂಟೆ ಅಜ್ಜಿಗೆ ಓದಿ ಹೇಳಲಿ. ತಪ್ಪಾದರೆ ಅಜ್ಜಿಯೇ ತಿದ್ದುತ್ತಾರೆ, ಟ್ಯೂಷನ್ ಫೀಸೂ ಇಲ್ಲ!

ಅಂದ ಹಾಗೆ, ಆ ಹುಡುಗ ನಿನ್ನೆ ಸಂಜೆ ಗೇಟಿನ ಹತ್ತಿರ ಬಂದು, "ಸರ್, ಅಕ್ಷರ ಕಲಿಯಲು ಎಷ್ಟು ದಿನ ಬೇಕು?" ಎಂದು ಕೇಳಿದ. "ಗಿಟಾರ್ ಕಲಿತದ್ದಕ್ಕಿಂತ ಕಡಿಮೆ" ಎಂದೆ. ಬರುವ ಶನಿವಾರದಿಂದ ಶುರು.

ನಿಮ್ಮ ಮನೆಯ ಪುಸ್ತಕವನ್ನು ಯಾರು ಓದುತ್ತಾರೆ?