ಲಿನಕ್ಸ್ ಶಿಬಿರ: ಸ್ಥಾಪನೆ ಒಂದು ದಿನ, ಹೊಣೆ ಒಂದು ವರ್ಷ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಮರುದಿನ ಬೆಳಗ್ಗೆ ಅಂಗಡಿ, ಗೋದಾಮು ಹಾಗೂ ಸಣ್ಣ ಕಾರ್ಖಾನೆಗಳ ಗಣಕಯಂತ್ರಗಳು ಎಂದಿನಂತೆ ಚಾಲನೆಗೊಂಡವು, ಬಿಲ್ಲುಗಳು ಎಂದಿನಂತೆ ಮುದ್ರಣಗೊಂಡವು. ಆದುದರಿಂದಲೇ ಈ ಬದಲಾವಣೆಯು ಅನೇಕ ವರ್ತಕರ ಗಮನಕ್ಕೆ ಬಾರದೆ ಹೋಯಿತು. ನಿಂತುಹೋದದ್ದು ಪ್ರತಿ ತಿಂಗಳೂ ಬರುತ್ತಿದ್ದ ಭದ್ರತಾ ತಿದ್ದುಪಡಿಗಳು. ಅವುಗಳಿಲ್ಲದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸಿ, ಅದರಲ್ಲಿಯೇ ಬ್ಯಾಂಕ್ ವ್ಯವಹಾರ ಮತ್ತು ಜಿ.ಎಸ್.ಟಿ. ಸಲ್ಲಿಕೆಗಳನ್ನು ನಡೆಸುವುದು ಗೋದಾಮಿಗೆ ಬೀಗ ಹಾಕದೆ ಮನೆಗೆ ತೆರಳಿದಂತೆಯೇ ಸರಿ.

ವಾಣಿಜ್ಯ ಬಳಕೆದಾರರಿಗೆ ಹಣ ತೆತ್ತು ಗರಿಷ್ಠ ಮೂರು ವರ್ಷಗಳ ವಿಸ್ತರಣೆ ಪಡೆಯುವ ಅವಕಾಶವನ್ನು ಆ ಸಂಸ್ಥೆ ಕಲ್ಪಿಸಿತು. ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಅನಂತರ ಪ್ರತಿ ವರ್ಷ ದುಪ್ಪಟ್ಟು. ಮೂರು ವರ್ಷಗಳಿಗೆ ಒಟ್ಟು 427 ಡಾಲರ್. ವಿಂಡೋಸ್ 11ಕ್ಕೆ ಬದಲಾಯಿಸಿಕೊಳ್ಳುವುದು ಇನ್ನೊಂದು ಮಾರ್ಗ. ಆದರೆ ಅದಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಅಗತ್ಯ, ಮತ್ತು ಇಂಟೆಲ್ ಪ್ರೊಸೆಸರ್‌ಗಳ ಪೈಕಿ ಬಹುಮಟ್ಟಿಗೆ 8ನೆಯ ತಲೆಮಾರಿನವು ಹಾಗೂ ನಂತರದವುಗಳಿಗೆ ಮಾತ್ರ ಅಧಿಕೃತ ಮಾನ್ಯತೆಯಿದೆ. ಅದಕ್ಕೂ ಹಿಂದಿನ ಯಂತ್ರವನ್ನು ಗುಜರಿಗೆ ಹಾಕಬೇಕೇ ಎಂಬುದು ಈಗ ಅನೇಕ ಸಣ್ಣ ಉದ್ಯಮಿಗಳ ಮುಂದಿರುವ ಪ್ರಶ್ನೆ.

ಲೆಕ್ಕಪುಸ್ತಕದ ದೃಷ್ಟಿಯಿಂದ ಅಂತಹ ಯಂತ್ರಕ್ಕೆ ಬೆಲೆಯೇ ಉಳಿದಿರುವುದಿಲ್ಲ. 2018ರಲ್ಲಿ ರೂ. 40,000ಕ್ಕೆ ಕೊಂಡ ಗಣಕಯಂತ್ರದ ಮೇಲೆ ಆದಾಯ ತೆರಿಗೆಯ ಲೆಕ್ಕದಂತೆ ಶೇ. 40ರ ದರದಲ್ಲಿ ಸವಕಳಿ ಕಳೆಯುತ್ತ ಬಂದರೆ, ಐದು ವರ್ಷಗಳ ನಂತರ ಉಳಿಯುವ ಮೌಲ್ಯ ಸುಮಾರು ರೂ. 3,110 ಮಾತ್ರ. ಆದರೆ ಅದೇ ಯಂತ್ರ ಪತ್ರ ಬರೆಯಲು, ದರಪಟ್ಟಿ ಸಿದ್ಧಪಡಿಸಲು, ಮಿಂಚಂಚೆ ನೋಡಲು ಇನ್ನೂ ಸಮರ್ಥವಾಗಿರುತ್ತದೆ. ಈ ಸಾಮರ್ಥ್ಯವನ್ನು ವ್ಯರ್ಥವಾಗಲು ಬಿಡದೆ ಬಳಸಿಕೊಳ್ಳುವ ಒಂದು ಹಾದಿ ಲಿನಕ್ಸ್. ಆ ಹಾದಿಗೆ ಸದಸ್ಯರನ್ನು ಒಟ್ಟಾಗಿ ಕರೆದೊಯ್ಯುವ ಸಾಧನ ಸ್ವಯಂಸೇವಕರ ಸ್ಥಾಪನಾ ಶಿಬಿರ. ಜಿಲ್ಲಾ ಹಾಗೂ ತಾಲ್ಲೂಕು ಮಟ್ಟದ ವಾಣಿಜ್ಯೋದ್ಯಮ ಸಂಸ್ಥೆಗಳು ಇಂತಹ ಶಿಬಿರಗಳನ್ನು ಏರ್ಪಡಿಸುವುದು ಉಚಿತ. ಆದರೆ ಶಿಬಿರದ ದಿನದ ಉತ್ಸಾಹಕ್ಕಿಂತ ಅದರ ನಂತರದ ಹನ್ನೆರಡು ತಿಂಗಳ ಹೊಣೆ ದೊಡ್ಡದು. ಆ ಹೊಣೆಗೆ ಏರ್ಪಾಡು ಮಾಡಲಾಗದ ಸಂಸ್ಥೆ ಶಿಬಿರಕ್ಕೆ ಕೈ ಹಾಕದಿರುವುದೇ ಲೇಸು.

ಸ್ವಯಂಸೇವೆಯ ಪರಂಪರೆ

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮೊದಲಿನಿಂದಲೂ ಬಳಕೆದಾರರ ಪರಸ್ಪರ ಸಹಕಾರದಿಂದ ಬೆಳೆದುದು. ಭಾರತದಲ್ಲಿ ಅಂತರಜಾಲದ ಸಂಪರ್ಕ ದುಬಾರಿಯೂ ನಿಧಾನವೂ ಆಗಿದ್ದ 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಂದಿಗೆ ಲಿನಕ್ಸ್ ಸಿ.ಡಿ.ಯನ್ನು ಓದುಗರಿಗೆ ತಲುಪಿಸಿತು. ಬೆಂಗಳೂರಿನ ಬಳಕೆದಾರರ ಬಳಗವು 2001ರಿಂದ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನವನ್ನು ನಡೆಸಿತು. 2005ರಲ್ಲಿ ಹೆಸರು ಬದಲಾಯಿಸಿಕೊಂಡ ಆ ಸಮ್ಮೇಳನ 2012ರವರೆಗೆ ನಡೆಯಿತು. ಇತ್ತೀಚೆಗೆ, ವಿಂಡೋಸ್ 10ರ ಅಂತ್ಯದ ಹಿನ್ನೆಲೆಯಲ್ಲಿ ಮುಕ್ತ ತಂತ್ರಾಂಶದ ಹಲವು ಬಳಗಗಳು 2025ರಲ್ಲಿ ‘ಎಂಡ್ ಆಫ್ 10’ ಎಂಬ ಅಭಿಯಾನವನ್ನು ಆರಂಭಿಸಿ, ಹಳೆಯ ಯಂತ್ರಗಳಿಗೆ ಲಿನಕ್ಸ್ ಅಳವಡಿಸುವ ಸ್ಥಳೀಯ ಶಿಬಿರಗಳಿಗೆ ಉತ್ತೇಜನ ನೀಡಿದವು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಆಂಗ್ಲ ಭಾಷೆಯಲ್ಲಿ ಒಂದೇ ಪದಕ್ಕಿರುವ ಎರಡು ಅರ್ಥಗಳಿಗೆ ಕನ್ನಡದಲ್ಲಿ ‘ಮುಕ್ತ’ ಮತ್ತು ‘ಪುಕ್ಕಟೆ’ ಎಂಬ ಬೇರೆ ಬೇರೆ ಪದಗಳಿವೆ. ಲಿನಕ್ಸ್ ಮುಕ್ತ ತಂತ್ರಾಂಶ. ಅದನ್ನು ನಕಲಿಸಲು, ಹಂಚಲು, ಬದಲಾಯಿಸಲು ಪರವಾನಗಿಯೇ ಅನುಮತಿ ನೀಡುತ್ತದೆ. ಅದನ್ನು ಅಳವಡಿಸಿ ನಿರ್ವಹಿಸುವ ಶ್ರಮ ಪುಕ್ಕಟೆಯಾಗಿರಬೇಕೆಂದು ಯಾವ ಪರವಾನಗಿಯೂ ಹೇಳುವುದಿಲ್ಲ. ಸೇವೆಗೆ ಶುಲ್ಕ ಪಡೆಯುವುದಕ್ಕೆ ಅಡ್ಡಿಯೂ ಇಲ್ಲ.

ಶಿಬಿರಕ್ಕೆ ಮೊದಲು

ದಾನದ ಎಮ್ಮೆಯ ಹಲ್ಲು ಹಿಡಿದು ನೋಡಬಾರದೆಂಬುದು ಲೋಕರೂಢಿ. ಆದರೆ ಈ ವಿಷಯದಲ್ಲಿ ಹಲ್ಲು ಹಿಡಿದು ನೋಡುವುದೇ ವಿವೇಕ. ಶಿಬಿರಕ್ಕೆ ಕನಿಷ್ಠ ಮೂರು ವಾರ ಮೊದಲು ಪ್ರತಿ ಸದಸ್ಯನಿಂದ ಒಂದು ನಮೂನೆ ಭರ್ತಿ ಮಾಡಿಸಿಕೊಳ್ಳಬೇಕು. ಯಂತ್ರ ಕೊಂಡ ವರ್ಷ, ಮೆಮೊರಿ, ಹಾರ್ಡ್ ಡಿಸ್ಕ್‌ನ ಗಾತ್ರ, ಪ್ರಿಂಟರಿನ ಮಾದರಿ, ಬಳಸುವ ಲೆಕ್ಕಪತ್ರ ತಂತ್ರಾಂಶ, ಡಿಜಿಟಲ್ ಸಹಿಯ ಟೋಕನ್, ಪ್ರತಿದಿನ ಯಂತ್ರದ ಮುಂದೆ ಕುಳಿತುಕೊಳ್ಳುವವರು ಯಾರು ಎಂಬ ವಿವರಗಳು ಅದರಲ್ಲಿರಬೇಕು.

ಈ ನಮೂನೆಗಳ ಆಧಾರದ ಮೇಲೆ ಯಂತ್ರಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಯಂತ್ರ ಮೊದಲನೆಯ ವರ್ಗ. ಪ್ರಯೋಗಕ್ಕೆ ಇದೇ ಸೂಕ್ತ. ಪತ್ರವ್ಯವಹಾರ, ದರಪಟ್ಟಿ, ಸರಕಿನ ಪಟ್ಟಿ ಮತ್ತು ಬ್ರೌಸರ್ ಮೂಲಕ ನಡೆಯುವ ಕೆಲಸಗಳ ಯಂತ್ರ ಎರಡನೆಯದು. ಇವುಗಳಿಗೆ ಲಿನಕ್ಸ್ ಮತ್ತು ಲಿಬ್ರೆ ಆಫೀಸ್ ಧಾರಾಳವಾಗಿ ಸಾಕು. ಬಿಲ್ಲು ಮತ್ತು ಲೆಕ್ಕ ನಡೆಯುವ ಮುಖ್ಯ ಯಂತ್ರ ಮೂರನೆಯದು. ಶಿಬಿರದಲ್ಲಿ ಇದನ್ನು ಮುಟ್ಟಲೇಬಾರದು. ಟ್ಯಾಲಿ ವಿಂಡೋಸ್‌ಗಾಗಿ ರೂಪಿತವಾದ ತಂತ್ರಾಂಶ. ಜಿ.ಎಸ್.ಟಿ. ಜಾಲತಾಣ ಯಾವುದೇ ಬ್ರೌಸರಿನಲ್ಲಿ ತೆರೆಯಬಹುದಾದರೂ, ಅದರ ಆಫ್‌ಲೈನ್ ಸಾಧನ ವಿಂಡೋಸ್ ಮತ್ತು ಎಕ್ಸೆಲನ್ನು ಅವಲಂಬಿಸಿದೆ. ಡಿಜಿಟಲ್ ಸಹಿಯ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಪರೀಕ್ಷಿಸದೆ ಭರವಸೆ ನೀಡಲಾಗದು. ಮುಕ್ತ ಲೆಕ್ಕಪತ್ರ ತಂತ್ರಾಂಶಗಳನ್ನು ಪರಿಗಣಿಸುವ ಕಂಪನಿಗಳು, ಪ್ರತಿ ತಿದ್ದುಪಡಿಯ ದಾಖಲೆ ಉಳಿಯಬೇಕೆಂಬ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮವನ್ನೂ ಮರೆಯಬಾರದು.

ಪ್ರಿಂಟರುಗಳ ವಿಷಯದಲ್ಲಿಯೂ ಇಷ್ಟೇ ಎಚ್ಚರ ಅಗತ್ಯ. ಹೆಚ್.ಪಿ.ಯ ಬಹುತೇಕ ಮಾದರಿಗಳು ಲಿನಕ್ಸ್‌ನಲ್ಲಿ ತೊಂದರೆಯಿಲ್ಲದೆ ನಡೆಯುತ್ತವೆ. ಆದರೆ ನಮ್ಮ ಕಡೆಯ ಕಚೇರಿಗಳಲ್ಲಿ ಹೇರಳವಾಗಿ ಕಾಣಸಿಗುವ ಕ್ಯಾನನ್ ಎಲ್.ಬಿ.ಪಿ. 2900 ತನ್ನದೇ ಆದ ಮುದ್ರಣ ಭಾಷೆಯನ್ನು ಬಳಸುವುದರಿಂದ ಸಾಕಷ್ಟು ಕಾಡುತ್ತದೆ. ಕನ್ನಡದ ಹಳೆಯ ಕಡತಗಳದು ಇನ್ನೊಂದು ಸಮಸ್ಯೆ. ನುಡಿಯ ಯೂನಿಕೋಡ್‌ಪೂರ್ವ ಫಾಂಟುಗಳಲ್ಲಿ ಬೆರಳಚ್ಚಾದ ಪತ್ರಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು. ಬೆರಳಚ್ಚು ಮಾಡುವವರಿಗೆ ಪರಿಚಿತವಾದ ಕೆ.ಜಿ.ಪಿ. ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ ಎಂಬುದು ಸಮಾಧಾನದ ಸಂಗತಿ.

ಎಲ್ಲಕ್ಕಿಂತ ಮುಖ್ಯವಾದುದು ದತ್ತಾಂಶದ ಪ್ರತಿ, ಅಂದರೆ ಬ್ಯಾಕಪ್. 200 ಜಿ.ಬಿ. ದತ್ತಾಂಶವನ್ನು ಹಳೆಯ ಯು.ಎಸ್.ಬಿ. 2.0 ಸಂಪರ್ಕದ ಮೂಲಕ ಸೆಕೆಂಡಿಗೆ 30 ಎಂ.ಬಿ. ವೇಗದಲ್ಲಿ ನಕಲಿಸಲು ಸುಮಾರು ಎರಡು ಗಂಟೆ ಬೇಕು. ಲಿನಕ್ಸ್ ಅಳವಡಿಕೆಗಾದರೋ ಸಾಮಾನ್ಯವಾಗಿ ಮುಕ್ಕಾಲು ಗಂಟೆ ಸಾಕು. ನಲವತ್ತು ಯಂತ್ರಗಳ ಬ್ಯಾಕಪನ್ನು ಶಿಬಿರದ ಸ್ಥಳದಲ್ಲಿಯೇ ಮಾಡಹೊರಟರೆ ದಿನವೆಲ್ಲ ಅದಕ್ಕೇ ಸಲ್ಲುತ್ತದೆ. ಅವಸರದಲ್ಲಿ ಬ್ಯಾಕಪ್ ಇಲ್ಲದೆಯೇ ಅಳವಡಿಕೆ ನಡೆದುಬಿಡುವ ಅಪಾಯವೂ ಇದೆ. ಹಾರ್ಡ್ ಡಿಸ್ಕಿನ ವಿಭಾಗವೊಂದು ತಪ್ಪಿ ಅಳಿಸಿಹೋದರೆ ನಷ್ಟವಾಗುವುದು ಶಾಸನಬದ್ಧ ದಾಖಲೆ. ಜಿ.ಎಸ್.ಟಿ. ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳಾದರೆ ಎಂಟು ವರ್ಷ. ಸ್ವಯಂಸೇವಕನ ಕೈತಪ್ಪಿನಿಂದ ಅಳಿಸಿಹೋಯಿತೆಂಬ ಸಮಜಾಯಿಷಿ ಇಲಾಖೆಯ ಮುಂದೆ ನಿಲ್ಲುವಂತಹುದಲ್ಲ. ಆದ್ದರಿಂದ ಬ್ಯಾಕಪ್ ಮಾಡಿ, ಅದು ತೆರೆಯುತ್ತದೆಂದು ಪರೀಕ್ಷಿಸಿ, ಸಹಿ ಮಾಡಿದ ಒಪ್ಪಿಗೆ ಪತ್ರದೊಂದಿಗೆ ಬಂದವರ ಯಂತ್ರವನ್ನು ಮಾತ್ರ ಸ್ವೀಕರಿಸಬೇಕು. ಉಳಿದವರನ್ನು ವಿನಯದಿಂದ ಹಿಂದಕ್ಕೆ ಕಳುಹಿಸಬೇಕು.

ದಿನಾಂಕದ ಆಯ್ಕೆಯಲ್ಲಿಯೂ ವರ್ತಕರ ಪಂಚಾಂಗವನ್ನು ಗಮನಿಸಬೇಕಾಗುತ್ತದೆ. ಮುಕ್ತ ತಂತ್ರಾಂಶದ ಬಳಗಗಳು ಸೆಪ್ಟೆಂಬರ್ ತಿಂಗಳ ಮೂರನೆಯ ಶನಿವಾರವನ್ನು ‘ತಂತ್ರಾಂಶ ಸ್ವಾತಂತ್ರ್ಯ ದಿನ’ವಾಗಿ ಆಚರಿಸುವುದು ವಾಡಿಕೆ. ಸ್ವಯಂಸೇವಕರಿಗೆ ಪ್ರಿಯವಾದ ಈ ದಿನ ವರ್ತಕರಿಗೆ ಅತ್ಯಂತ ಪ್ರತಿಕೂಲ. 20ನೆಯ ತಾರೀಖಿನ ಜಿ.ಎಸ್.ಟಿ.ಆರ್-3ಬಿ ಮತ್ತು ತಿಂಗಳ ಕೊನೆಯ ತೆರಿಗೆ ಲೆಕ್ಕಪರಿಶೋಧನೆಯ ನಡುವೆ ಯಂತ್ರವನ್ನು ಯಾರು ತಾನೆ ಬಿಟ್ಟುಕೊಟ್ಟಾರು? ನವೆಂಬರ್ ಅಥವಾ ಫೆಬ್ರವರಿಯ ಕೊನೆಯ ಶನಿವಾರ, ಭಾನುವಾರಗಳು ಇಬ್ಬರಿಗೂ ಅನುಕೂಲವಾಗಬಲ್ಲವು.

ಶಿಬಿರದ ದಿನ

ಪ್ರತಿ ಯಂತ್ರವನ್ನೂ ಮೊದಲು ಪೆನ್ ಡ್ರೈವಿನಿಂದಲೇ ಚಾಲನೆಗೊಳಿಸಿ ನೋಡಬೇಕು. ಹಾರ್ಡ್ ಡಿಸ್ಕಿಗೆ ಏನನ್ನೂ ಬರೆಯದೆ ಪರದೆ, ಧ್ವನಿ, ವೈ-ಫೈ, ಪ್ರಿಂಟರ್ ಸರಿಯಾಗಿವೆಯೇ ಎಂದು ತಿಳಿಯಲು ಇದರಿಂದ ಸಾಧ್ಯ. ಎಲ್ಲರಿಗೂ ಒಂದೇ ಆವೃತ್ತಿಯನ್ನು, ದೀರ್ಘಾವಧಿ ಬೆಂಬಲವುಳ್ಳದ್ದನ್ನು ಆಯ್ದುಕೊಳ್ಳುವುದು ಅವಶ್ಯ. ಉಬುಂಟುವಿನ ಇಂತಹ ಆವೃತ್ತಿಗಳು ಎರಡು ವರ್ಷಗಳಿಗೊಮ್ಮೆ ಹೊರಬಂದು ಐದು ವರ್ಷಗಳ ಸಾಮಾನ್ಯ ಬೆಂಬಲ ಪಡೆಯುತ್ತವೆ. ಸ್ವಯಂಸೇವಕರು ತಮ್ಮ ತಮ್ಮ ಅಭಿರುಚಿಗೆ ತಕ್ಕಂತೆ ನಾಲ್ಕು ಬಗೆಯ ಲಿನಕ್ಸ್ ಅಳವಡಿಸಿದರೆ ನಂತರ ಬೆಂಬಲ ನೀಡುವವರ ಪಾಡು ನಾಯಿಪಾಡು. ಮಾಲೀಕರು ಯಂತ್ರದೊಂದಿಗೆ ಗುಮಾಸ್ತರನ್ನೂ ಕರೆತರಲೇಬೇಕು. ದಿನವಿಡೀ ಯಂತ್ರದೊಡನೆ ಏಗುವವರು ಅವರೇ. ಅವರಿಗೆ ಒಪ್ಪಿಗೆಯಾಗದ ವ್ಯವಸ್ಥೆ ವಾರದೊಳಗೆ ಮೂಲೆ ಸೇರುತ್ತದೆ.

ಇನ್ನೊಂದು ಸೂಕ್ಷ್ಮ ವಿಚಾರವಿದೆ. ಪರವಾನಗಿಯಿಲ್ಲದ ವಿಂಡೋಸ್ ಬಳಸುತ್ತಿರುವ ಸದಸ್ಯರು ಶಿಬಿರಕ್ಕೆ ಬರಲು ಅಳುಕಬಹುದು. ಗೊತ್ತಿದ್ದೂ ಅಂತಹ ಪ್ರತಿಯನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ. 7 ದಿನಗಳಿಂದ 3 ವರ್ಷಗಳವರೆಗಿನ ಸೆರೆವಾಸ ಹಾಗೂ ರೂ. 50,000ದಿಂದ ರೂ. 2 ಲಕ್ಷದವರೆಗಿನ ದಂಡಕ್ಕೆ ಅದು ಈಡುಮಾಡಬಲ್ಲದು. ಆ ಭಯದಿಂದ ಹೊರಬರಲು ಮುಂದಾದವರನ್ನು ನಮೂನೆಯಲ್ಲಿ ಪರವಾನಗಿಯ ಪ್ರಶ್ನೆ ಕೇಳಿ ಹಿಮ್ಮೆಟ್ಟಿಸುವುದು ಸಲ್ಲದು.

ಸೋಮವಾರದ ಬೆಳಗ್ಗೆ

ಶಿಬಿರದ ನಿಜವಾದ ಪರೀಕ್ಷೆ ಸೋಮವಾರ ಬೆಳಗ್ಗೆ ಆರಂಭವಾಗುತ್ತದೆ. ಪ್ರಿಂಟರ್ ನಿಂತಿದೆ, ಗಿರಾಕಿ ಕಾಯುತ್ತಿದ್ದಾನೆ; ಅಳವಡಿಸಿಕೊಟ್ಟ ವಿದ್ಯಾರ್ಥಿ ಕಾಲೇಜಿನಲ್ಲಿ ಪರೀಕ್ಷೆ ಬರೆಯುತ್ತಿದ್ದಾನೆ. ಇದು ವಿದ್ಯಾರ್ಥಿಯ ತಪ್ಪಲ್ಲ. ಸ್ವಯಂಸೇವೆ ಒಂದು ದಿನದ ಕಾಣಿಕೆ. ಅದನ್ನು ವರ್ಷದ ಸೇವಾ ಒಪ್ಪಂದವೆಂದು ಭಾವಿಸುವುದು ಅನ್ಯಾಯ.

ಈ ಕುರಿತು ಎರಡು ಉದಾಹರಣೆಗಳು ವಿಚಾರಯೋಗ್ಯ. ಜರ್ಮನಿಯ ಮ್ಯೂನಿಕ್ ನಗರಾಡಳಿತವು ಸುಮಾರು ಒಂದು ದಶಕ ಶ್ರಮಿಸಿ, 2013ರ ವೇಳೆಗೆ ಸುಮಾರು 15,000 ಯಂತ್ರಗಳಿಗೆ ಲಿನಕ್ಸ್ ಅಳವಡಿಸಿತು. ಆದರೂ ಸಿಬ್ಬಂದಿಯ ಅಸಮಾಧಾನ ಮತ್ತು ಆಡಳಿತದ ಬದಲಾದ ಇಚ್ಛಾಶಕ್ತಿಯ ನಡುವೆ 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಕೇರಳದ ಶಾಲೆಗಳಾದರೋ 2001ರಲ್ಲಿ ಆರಂಭವಾದ ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ಮುಕ್ತ ತಂತ್ರಾಂಶಕ್ಕೆ ಬದಲಾಗಿ ಅಲ್ಲಿಯೇ ನೆಲೆನಿಂತಿವೆ. ಅಲ್ಲಿ ಆಯ್ದ ಶಿಕ್ಷಕರನ್ನು ತರಬೇತುದಾರರನ್ನಾಗಿ ಸಿದ್ಧಪಡಿಸಿ, ಅವರ ಮೂಲಕ ಉಳಿದ ಶಿಕ್ಷಕರಿಗೆ ತರಬೇತಿ ನೀಡಲಾಯಿತು. ಕಷ್ಟ ಬಂದಾಗ ಕೇಳಲು ಹತ್ತಿರದಲ್ಲಿಯೇ ಬಲ್ಲವರು ಇದ್ದರು. ಜರ್ಮನಿಯ ನಗರದಷ್ಟು ದೊಡ್ಡ ಖಜಾನೆ ಇಲ್ಲದ ವಾಣಿಜ್ಯೋದ್ಯಮ ಸಂಸ್ಥೆಗಳಿಗೆ ಅನುಕರಣೀಯವಾದುದು ನೆರೆರಾಜ್ಯದ ಈ ಕ್ರಮವೇ.

ಅಂತಹ ಬಲ್ಲವರು ಊರಿನಲ್ಲಿಯೇ ಇದ್ದಾರೆ. ಗಣಕಯಂತ್ರ ಮಾರುವ ಮತ್ತು ದುರಸ್ತಿ ಮಾಡುವ ಅಂಗಡಿಗಳವರು ಅನೇಕ ಕಡೆ ವಾಣಿಜ್ಯೋದ್ಯಮ ಸಂಸ್ಥೆಯ ಸದಸ್ಯರೇ ಆಗಿರುತ್ತಾರೆ. ಅವರನ್ನು ಬದಿಗಿಟ್ಟು ಶಿಬಿರ ನಡೆಸಿದರೆ ಅವರ ಜೀವನೋಪಾಯಕ್ಕೆ ಕಲ್ಲು ಹಾಕಿದಂತಾಗುತ್ತದೆ. ನಾಳೆ ಯಂತ್ರ ಕೆಟ್ಟಾಗ ‘ಲಿನಕ್ಸ್ ತೆಗೆದು ವಿಂಡೋಸ್ ಹಾಕಿಸಿ’ ಎಂಬ ಸಲಹೆಯೇ ಅವರಿಂದ ಬರುತ್ತದೆ. ಬದಲಾಗಿ ಶಿಬಿರಕ್ಕೆ ಒಂದು ತಿಂಗಳು ಮೊದಲು ಇಂತಹ ಇಬ್ಬರು ಮೂವರು ತಂತ್ರಜ್ಞರಿಗೆ ಸ್ವಯಂಸೇವಕರಿಂದಲೇ ತರಬೇತಿ ಕೊಡಿಸಿ, ಶಿಬಿರದಲ್ಲಿ ಅವರನ್ನೂ ಜೊತೆಗೆ ಕೂರಿಸಿ, ನಂತರದ ಒಂದು ವರ್ಷದ ಬೆಂಬಲಕ್ಕೆ ನಿಗದಿತ ದರದ ವಾರ್ಷಿಕ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವುದು ಯುಕ್ತ. ವಿದ್ಯಾರ್ಥಿಗಳ ಜ್ಞಾನ ಊರಿನಲ್ಲಿ ಉಳಿಯುತ್ತದೆ, ತಂತ್ರಜ್ಞನಿಗೆ ಹೊಸ ಆದಾಯ ದೊರೆಯುತ್ತದೆ, ವರ್ತಕನಿಗೆ ಕರೆದಾಗ ಓಗೊಡುವವರು ಸಿಗುತ್ತಾರೆ.

ಸಂಸ್ಥೆಯ ಕರ್ತವ್ಯ

ಇದಕ್ಕೆ ಹಣ ಬೇಕು. ಸಭಾಂಗಣ, ಊಟ, ಬ್ಯಾನರು, ಸನ್ಮಾನಗಳಿಗೆ ತಗಲುವ ವೆಚ್ಚದಷ್ಟೇ ಮೊತ್ತವನ್ನು ನಂತರದ ಬೆಂಬಲಕ್ಕೆಂದು ಮುಂಗಡಪತ್ರದಲ್ಲಿ ಮೊದಲೇ ಮೀಸಲಿಡಬೇಕು. ಯಂತ್ರವೊಂದಕ್ಕೆ ಸಣ್ಣ ಮೊತ್ತದ ಶುಲ್ಕ ವಿಧಿಸುವುದರಲ್ಲಿ ಸಂಕೋಚ ಬೇಡ. ಹಣ ತೆತ್ತವನು ಬ್ಯಾಕಪ್ ಮಾಡಿಕೊಂಡು, ಗುಮಾಸ್ತನೊಡನೆ, ಹೇಳಿದ ಹೊತ್ತಿಗೆ ಬರುತ್ತಾನೆ. ಸ್ವಯಂಸೇವಕರ ಪ್ರಯಾಣದ ಖರ್ಚನ್ನು ಅವರ ಜೇಬಿಗೆ ಹೊರಿಸುವುದೂ ಶೋಭೆಯಲ್ಲ.

ನಲವತ್ತು ನಮೂನೆಗಳು ಬಂದು, ಪರಿಶೀಲನೆಯ ನಂತರ ಹದಿನೈದೇ ಯಂತ್ರಗಳು ಅರ್ಹವೆಂದು ಕಂಡುಬಂದರೆ ಕಾರ್ಯಕಾರಿ ಸಮಿತಿ ಎದೆಗುಂದಬೇಕಾಗಿಲ್ಲ. ಉಳಿದ ಇಪ್ಪತ್ತೈದು ಸದಸ್ಯರಿಗೆ ತಮ್ಮ ಯಂತ್ರದ ನಿಜಸ್ಥಿತಿ ತಿಳಿದಿರುತ್ತದೆ. ಆ ಪೈಕಿ ಕೆಲವರಾದರೂ ಮೊದಲ ಬಾರಿಗೆ ಲೆಕ್ಕಪತ್ರಗಳ ಬ್ಯಾಕಪ್ ಮಾಡಿರುತ್ತಾರೆ. ಶಿಬಿರದ ವರದಿಯಲ್ಲಿ ಅಂದು ಎಷ್ಟು ಯಂತ್ರಗಳಿಗೆ ಲಿನಕ್ಸ್ ಅಳವಡಿಸಲಾಯಿತು ಎಂಬ ಸಂಖ್ಯೆಯ ಜೊತೆಗೆ, ಹನ್ನೆರಡು ತಿಂಗಳ ನಂತರ ಎಷ್ಟು ಯಂತ್ರಗಳಲ್ಲಿ ಅದು ಇನ್ನೂ ಬಳಕೆಯಲ್ಲಿದೆ ಎಂಬ ಸಂಖ್ಯೆಯನ್ನೂ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸುವ ಪದ್ಧತಿ ಬರಬೇಕು. ಎರಡನೆಯ ಸಂಖ್ಯೆಯನ್ನು ಪ್ರಕಟಿಸಲು ಸಿದ್ಧವಿರುವ ಸಂಸ್ಥೆಗಳು ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿಯೇ ಈ ವಿಷಯವನ್ನು ಕೈಗೆತ್ತಿಕೊಂಡು, ಮೊದಲ ಹೆಜ್ಜೆಯಾಗಿ ಸದಸ್ಯರ ಯಂತ್ರಗಳ ಪಟ್ಟಿಯನ್ನು ಸಿದ್ಧಪಡಿಸಲಿ.